ಶೋರೂಮಿನ 23, ಸಿಲ್ಕ್ ಬೋರ್ಡಿನ 16: ಹೈಕ್ರಾಸ್ ಹೈಬ್ರಿಡ್ ನಿಜಕ್ಕೂ ಎಷ್ಟು ಕೊಡುತ್ತದೆ?

ಮೊದಲೇ ನಂಬರ್ ಹೇಳಿಬಿಡುತ್ತೇನೆ, ಎಲ್ಲರೂ ಅದಕ್ಕೇ ತಾನೆ ಬರುವುದು. ಟೊಯೊಟಾ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ಗೆ (ಪೆಟ್ರೋಲ್ ಇಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಗಾಡಿ) ಕಂಪನಿ ಹೇಳುವ ಮೈಲೇಜ್ ಲೀಟರಿಗೆ 23.24 ಕಿ.ಮೀ. ಬೆಂಗಳೂರಿನ ಒಳಗೆ, ಎಸಿ ಹಾಕಿಕೊಂಡು, ಆಫೀಸ್ ಟೈಮಿನ ಟ್ರಾಫಿಕ್‌ನಲ್ಲಿ ನನಗೆ ಬರುವುದು 15ರಿಂದ 17. ಮೈಸೂರು ರಸ್ತೆಯಲ್ಲಿ 80ರ ಆಸುಪಾಸು ಹೋದರೆ 18ರ ಮೇಲೆ, 100ಕ್ಕೆ ಏರಿಸಿದರೆ 15–16. ಹಿಂದೆ ಮೂಟೆ ತುಂಬಿಕೊಂಡು ಮಾಗಡಿ ಕಡೆಯಿಂದ ಬಂದರೆ 13–14. ಇದೆಲ್ಲ ಟ್ಯಾಂಕ್ ಟು ಟ್ಯಾಂಕ್ ಲೆಕ್ಕ, ಅಂದರೆ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಹಾಕಿದ್ದು. ಮುಂದಿನ ಡಿಸ್‌ಪ್ಲೇ ತೋರಿಸಿದ್ದಲ್ಲ.

ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಈ ನಂಬರ್‌ಗಳನ್ನು ನೋಡಿ ಕಾರು ತಗೊಂಡರೆ ನಿಮಗೂ ಇದೇ ಬರುತ್ತದೆ ಅಂತ ಮಾತ್ರ ತಿಳಿಯಬೇಡಿ. ಹೈಬ್ರಿಡ್ ವಿಷಯದಲ್ಲಿ ಕಾರಿಗಿಂತ ನೀವು ಓಡಾಡುವ ದಾರಿಯೇ ಮೈಲೇಜನ್ನು ಜಾಸ್ತಿ ತೀರ್ಮಾನಿಸುತ್ತದೆ. ಮಾಮೂಲಿ ಪೆಟ್ರೋಲ್ ಕಾರಿನಲ್ಲಿ ಇಷ್ಟು ಏರುಪೇರು ಇರುವುದಿಲ್ಲ.

ನನಗೆ ಬೇಕಿದ್ದದ್ದು ಇದಲ್ಲ, ಹೈಬ್ರಿಡ್ ಪಿಕಪ್. ಮನೆ ವಿಜಯನಗರದಲ್ಲಿ, ಆಫೀಸು ಬೆಳ್ಳಂದೂರು ಕಡೆ, ಮಾವನವರ ತೋಟ ಮಾಗಡಿ ಹತ್ತಿರ. ವಾರವೆಲ್ಲ ರಿಂಗ್ ರೋಡಿನಲ್ಲಿ ಒಬ್ಬಳೇ ತೆವಳುವುದು, ರಜೆ ಬಂದರೆ ಬೂಸಾ, ಹಿಂಡಿ, ಗೊಬ್ಬರ ಹಾಕಿಕೊಂಡು ತೋಟಕ್ಕೆ ಹೋಗಿ ವಾಪಸ್ ಬರುವಾಗ ತೆಂಗಿನಕಾಯಿ, ರಾಗಿ ಮೂಟೆ ತರುವುದು. ಇಂಥ ಬಾಳಿಗೆ ಹಿಂದೆ ತೆರೆದ ಡಬ್ಬ ಇರುವ, ಊರೊಳಗೆ ಪೆಟ್ರೋಲ್ ಉಳಿಸುವ ಒಂದು ಗಾಡಿ ಇದ್ದರೆ ಬೇರೇನು ಬೇಕು? ಅದು ನಮ್ಮಲ್ಲಿ ಸಿಗುವುದಿಲ್ಲ. ಮನೆಬಳಕೆಗೆ ತಗೊಳ್ಳುವಂಥ ಪಿಕಪ್ ಅಂದರೆ ನಮ್ಮಲ್ಲಿ ಹೈಲಕ್ಸ್, ಇಲ್ಲಾಂದ್ರೆ ಇಸುಜು ವಿ-ಕ್ರಾಸ್. ಎರಡೂ ಡೀಸೆಲ್. ಹೈಲಕ್ಸ್ 2022ರಲ್ಲಿ ಬಂತು, 2.8 ಲೀಟರ್ ಇಂಜಿನ್, ಗಟ್ಟಿ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟುದ್ದದ ಗಾಡಿಯನ್ನು ವಿಜಯನಗರದ ಕ್ರಾಸ್‌ಗಳಲ್ಲಿ ತಿರುಗಿಸುವುದನ್ನು ನೆನೆಸಿಕೊಂಡೇ ಸುಸ್ತಾಯಿತು.

ಇನ್ನೊಂದು ವಿಷಯ. ಹೊರದೇಶಗಳಲ್ಲಿ ಹೈಲಕ್ಸ್ 48 ವೋಲ್ಟ್ ಹೈಬ್ರಿಡ್ ಇದೆ, ಇಲ್ಲಿ ಫಾರ್ಚುನರ್‌ಗೆ 2025ರಲ್ಲಿ ಅಂಥದ್ದೇ ಬಂತು. ಅದನ್ನು ಕೇಳಿ ತುಂಬಾ ಜನ ಖುಷಿಪಟ್ಟರು. ಆದರೆ ಅದು ಮೈಲ್ಡ್ ಹೈಬ್ರಿಡ್. ಒಂದು ಪುಟ್ಟ ಮೋಟರ್ ಇಂಜಿನ್‌ಗೆ ಆಗಾಗ ಕೈ ಜೋಡಿಸುತ್ತದೆ, ಅಷ್ಟೇ. ಬರೀ ಮೋಟರಿನಿಂದ ಗಾಡಿ ಓಡುವುದಿಲ್ಲ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಇಂಜಿನ್ ಆಫ್ ಮಾಡಿಕೊಂಡು ಜಾರುವುದು ಸ್ಟ್ರಾಂಗ್ ಹೈಬ್ರಿಡ್ ಮಾತ್ರ. ಶೋರೂಮಿನಲ್ಲಿ ಎರಡಕ್ಕೂ ‘ಹೈಬ್ರಿಡ್’ ಅಂತಲೇ ಹೇಳುತ್ತಾರೆ, ಹುಷಾರಾಗಿ ಕೇಳಿ.

ಹೈಬ್ರಿಡ್ ಪಿಕಪ್ ಹುಚ್ಚು ಹಿಡಿಸಿದ್ದು ಟೆಕ್ಸಾಸ್‌ನಲ್ಲಿರುವ ನಮ್ಮ ದೊಡ್ಡಪ್ಪನ ಮಗ. ಅವನ ಹತ್ತಿರ ಫೋರ್ಡ್ ಮ್ಯಾವರಿಕ್ ಹೈಬ್ರಿಡ್ ಇದೆ. ಅಮೆರಿಕದ ಲೆಕ್ಕಕ್ಕೆ ಅದು ಚಿಕ್ಕ ಪಿಕಪ್. 2.5 ಲೀಟರ್ ಪೆಟ್ರೋಲ್ ಇಂಜಿನ್, ಮುಂದಿನ ಚಕ್ರಕ್ಕೆ ಡ್ರೈವ್, ಸುಮಾರು 680 ಕೆ.ಜಿ. ಭಾರ ಹಾಕಬಹುದು. 2022ರ ಮಾಡೆಲ್‌ಗೆ ಅಲ್ಲಿನ ಸರಕಾರಿ ಇಪಿಎ ಪರೀಕ್ಷೆ ಕೊಟ್ಟ ನಂಬರ್ ಊರೊಳಗೆ ಗ್ಯಾಲನ್‌ಗೆ 42 ಮೈಲಿ, ಹೈವೇಯಲ್ಲಿ 33. ನಮ್ಮ ಲೆಕ್ಕಕ್ಕೆ ತಂದರೆ ಲೀಟರಿಗೆ ಊರೊಳಗೆ ಸುಮಾರು 18, ಹೈವೇಯಲ್ಲಿ 14 ಕಿ.ಮೀ. ಗಮನಿಸಿದಿರಾ? ಹೈವೇಗಿಂತ ಊರೊಳಗೇ ಜಾಸ್ತಿ. ನಾವು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದದ್ದು ಇದರ ಉಲ್ಟಾ ಅಲ್ವಾ?

ಹಾಗಂತ ಎಲ್ಲ ಹೈಬ್ರಿಡ್ ಪಿಕಪ್‌ಗಳೂ ಹೀಗಲ್ಲ. ಅದೇ ಅಮೆರಿಕದಲ್ಲಿ ಟೊಯೊಟಾ ಟಕೋಮಾ ಹೈಬ್ರಿಡ್ ಇದೆ. 2.4 ಲೀಟರ್ ಟರ್ಬೊ ಇಂಜಿನ್ ಜೊತೆಗೆ ಮೋಟರ್, ಒಟ್ಟು 326 ಎಚ್‌ಪಿ. ಮೈಲೇಜ್ ಮಾತ್ರ ಲೀಟರಿಗೆ 10 ಕಿ.ಮೀ. ಆಸುಪಾಸು, ಹೈಬ್ರಿಡ್ ಅಲ್ಲದ ಟಕೋಮಾಕ್ಕಿಂತ ಹೇಳಿಕೊಳ್ಳುವಷ್ಟು ಜಾಸ್ತಿಯೇನಲ್ಲ. ಅಲ್ಲಿ ಮೋಟರ್ ಇರುವುದು ಎಳೆಯುವ ಬಲಕ್ಕೆ, ಪೆಟ್ರೋಲ್ ಉಳಿಸಲು ಅಲ್ಲ. ಹಾಗಾಗಿ ಹೈಬ್ರಿಡ್ ಅಂದ ಕೂಡಲೇ ಮೈಲೇಜ್ ಅಂದುಕೊಳ್ಳಬಾರದು, ಮೋಟರನ್ನು ಯಾವ ಕೆಲಸಕ್ಕೆ ಇಟ್ಟಿದ್ದಾರೆ ಅಂತ ನೋಡಬೇಕು. ಹೈಕ್ರಾಸ್ ಈ ವಿಷಯದಲ್ಲಿ ಮ್ಯಾವರಿಕ್ ಜಾತಿಗೆ ಸೇರಿದ್ದು. 2 ಲೀಟರ್ ಪೆಟ್ರೋಲ್, ಮುಂದಿನ ಚಕ್ರಕ್ಕೆ ಡ್ರೈವ್, ಕೊನೆಯ ಸೀಟು ಮಡಚಿದರೆ ಮೂಟೆ ಹಾಕಲು ಜಾಗ. ಪಿಕಪ್ ಸಿಗದಿದ್ದಾಗ ಇದಕ್ಕಿಂತ ಹತ್ತಿರದ್ದು ಬೇರೆ ಕಾಣಲಿಲ್ಲ. ಬಿಡದಿಯಲ್ಲೇ ತಯಾರಾಗುವ ಗಾಡಿ ಅನ್ನುವ ಒಂದು ಸಣ್ಣ ಖುಷಿಯೂ ಸೇರಿಕೊಂಡಿತು.

ಇದು ಪೆಟ್ರೋಲ್ ಹೇಗೆ ಉಳಿಸುತ್ತದೆ ಅನ್ನುವುದು ಗೊತ್ತಾದರೆ ಎಲ್ಲಿ ಉಳಿಸುವುದಿಲ್ಲ ಅನ್ನುವುದೂ ತಾನಾಗಿಯೇ ಗೊತ್ತಾಗುತ್ತದೆ. ಮಾಮೂಲಿ ಕಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಅಷ್ಟೂ ವೇಗ ಬಿಸಿಯಾಗಿ ಹಾಳಾಗುತ್ತದೆ. ಇಲ್ಲಿ ಬ್ರೇಕ್ ಒತ್ತಿದರೆ ಮೋಟರ್ ಡೈನಮೋ ಆಗಿ ತಿರುಗಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಮತ್ತೆ ಹೊರಡುವಾಗ ಅದೇ ವಿದ್ಯುತ್ತು ಗಾಡಿಯನ್ನು ನೂಕುತ್ತದೆ. ಇನ್ನು ಇಂಜಿನ್ ಅಟ್ಕಿನ್ಸನ್ ಸೈಕಲ್‌ನದು. ಗಾಳಿ ಒಳಗೆ ಬಿಡುವ ವಾಲ್ವ್ ಸ್ವಲ್ಪ ತಡವಾಗಿ ಮುಚ್ಚುತ್ತದೆ, ಪೆಟ್ರೋಲಿನ ಶಕ್ತಿ ಇನ್ನಷ್ಟು ಹಿಂಡಿಕೊಳ್ಳಬಹುದು, ಆದರೆ ಕಡಿಮೆ ವೇಗದಲ್ಲಿ ಎಳೆತ ಕಮ್ಮಿ. ಆ ಕೊರತೆಯನ್ನು ಮೋಟರ್ ತುಂಬುತ್ತದೆ. ಎರಡೂ ಸೇರಿ ಸುಮಾರು 186 ಪಿಎಸ್. ಬ್ಯಾಟರಿ ಮಾತ್ರ ಪುಟಾಣಿ, ಒಂದೂಕಾಲು ಯೂನಿಟ್ ಆಸುಪಾಸು ವಿದ್ಯುತ್ ಹಿಡಿಯುವ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಚಾರ್ಜರ್‌ಗೆ ಹಾಕುವ ಹಾಗಿಲ್ಲ, ಹಾಕಬೇಕಾಗಿಯೂ ಇಲ್ಲ. ದೊಡ್ಡ ಹುಂಡಿ ಅಲ್ಲ ಇದು, ಕೈಯಲ್ಲಿ ಓಡಾಡುವ ಚಿಲ್ಲರೆ ಕಾಸು. ಬಂತು, ಖರ್ಚಾಯಿತು, ಮತ್ತೆ ಬಂತು.

ಈಗ ಇದನ್ನು ನನ್ನ ಆಫೀಸ್ ದಾರಿಗೆ ಹಾಕಿ ನೋಡಿ. ನಾಯಂಡಹಳ್ಳಿಯಿಂದ ಕತ್ರಿಗುಪ್ಪೆ, ಬನಶಂಕರಿ, ಜೆ.ಪಿ. ನಗರ ದಾಟುವವರೆಗೆ ಟ್ರಾಫಿಕ್ ಇರುತ್ತದೆ, ಆದರೆ ಚಲಿಸುತ್ತಿರುತ್ತದೆ. 20, 30, 40, ಬ್ರೇಕು, ಮತ್ತೆ 20. ಹೈಬ್ರಿಡ್‌ಗೆ ಇದೇ ಹಬ್ಬ. ಅರ್ಧಕ್ಕಿಂತ ಜಾಸ್ತಿ ಹೊತ್ತು ಇಂಜಿನ್ ಆಫ್ ಆಗಿಯೇ ಇರುತ್ತದೆ, ಡಿಸ್‌ಪ್ಲೇಯಲ್ಲಿ ಹಸಿರು ಬಣ್ಣದ ಇವಿ ದೀಪ ಉರಿಯುತ್ತಿರುತ್ತದೆ. ಈ ಭಾಗವನ್ನಷ್ಟೇ ಅಳೆದರೆ 19–20 ಕೂಡ ತೋರಿಸುತ್ತದೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ 2024ರಲ್ಲಿ ತೆರೆದ ಡಬಲ್ ಡೆಕರ್ ಫ್ಲೈಓವರ್ ಹತ್ತಿದರೆ ಇನ್ನೂ ಸಲೀಸು.

ಕತೆ ಕೆಡುವುದು ಸಿಲ್ಕ್ ಬೋರ್ಡ್ ದಾಟಿದ ಮೇಲೆ. ಅಗರ, ಇಬ್ಬಲೂರು. ಅಲ್ಲಿ ಗಾಡಿಗಳು ತೆವಳುವುದಿಲ್ಲ, ನಿಲ್ಲುತ್ತವೆ. ಇದರಲ್ಲಿ ಎಸಿ ಕಂಪ್ರೆಸರ್ ಬ್ಯಾಟರಿಯಿಂದ ಓಡುತ್ತದೆ, ಹಾಗಾಗಿ ಇಂಜಿನ್ ಆಫ್ ಇದ್ದರೂ ಒಳಗೆ ತಣ್ಣಗಿರುತ್ತದೆ, ಅದು ಸುಖವೇ. ಆದರೆ ನಿಂತ ಗಾಡಿಯಲ್ಲಿ ಬ್ರೇಕಿನಿಂದ ಬರುವ ವಿದ್ಯುತ್ ಏನೂ ಇಲ್ಲ. ಖರ್ಚು ಮಾತ್ರ ಇದೆ. ಸ್ವಲ್ಪ ಹೊತ್ತಿಗೆ ಬ್ಯಾಟರಿ ಇಳಿದು, ಇಂಜಿನ್ ತಾನಾಗಿ ಸ್ಟಾರ್ಟ್ ಆಗಿ, ಒಂದು ಮಾರು ದೂರವೂ ಹೋಗದೆ ಪೆಟ್ರೋಲ್ ಸುಟ್ಟು ಬ್ಯಾಟರಿ ತುಂಬಿಸುತ್ತದೆ. ಮತ್ತೆ ಆಫ್. ಮತ್ತೆ ಆನ್. ಏಪ್ರಿಲ್ ತಿಂಗಳ ಮಧ್ಯಾಹ್ನ ಇಲ್ಲಿ ಸಿಕ್ಕಿಹಾಕಿಕೊಂಡರೆ ಬೆಳಗ್ಗೆಯಿಂದ ಕೂಡಿಹಾಕಿದ ಮೈಲೇಜ್ ಕಣ್ಣೆದುರೇ ಕರಗುತ್ತದೆ. ‘ಹೈಬ್ರಿಡ್‌ಗೆ ಟ್ರಾಫಿಕ್ ಜಾಸ್ತಿ ಇದ್ದಷ್ಟೂ ಒಳ್ಳೆಯದು’ ಅನ್ನುವ ಮಾತು ಅರ್ಧ ಮಾತ್ರ ಸತ್ಯ. ನಿಧಾನ ಟ್ರಾಫಿಕ್ ಒಳ್ಳೆಯದು, ನಿಂತ ಟ್ರಾಫಿಕ್ ಅಲ್ಲ. ಆದರೂ ಮಾಮೂಲಿ ಕಾರು ಅದೇ ಜಾಗದಲ್ಲಿ ಇನ್ನೂ ಹೀನಾಯವಾಗಿ ಕುಡಿಯುತ್ತದೆ ಅನ್ನುವುದನ್ನು ಮರೆಯಬಾರದು. ನಮ್ಮ ಆಫೀಸಿನಲ್ಲೇ ಒಬ್ಬರ ಹತ್ತಿರ ಹೈಬ್ರಿಡ್ ಅಲ್ಲದ ಪೆಟ್ರೋಲ್ ಹೈಕ್ರಾಸ್ ಇದೆ, ಅದಕ್ಕೆ ಕಂಪನಿ ಹೇಳುವುದು 16.13. ಅದೇ ರಿಂಗ್ ರೋಡಿನಲ್ಲಿ ಅವರಿಗೆ ಸಿಗುವುದು 9–10.

ಇನ್ನೊಂದು ಕಡೆ ಇದು ಕೈ ಕೊಡುತ್ತದೆ, ಯಾರೂ ಹೇಳುವುದಿಲ್ಲ. ಚಿಕ್ಕ ಚಿಕ್ಕ ಓಡಾಟ. ಬೆಳಗ್ಗೆ ಮಗನನ್ನು ಸ್ಕೂಲಿಗೆ ಬಿಟ್ಟು, ವಿಜಯನಗರ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರಕಾರಿ ತಂದು ಗಾಡಿ ನಿಲ್ಲಿಸಿದರೆ ಆ ಮೂರು ನಾಲ್ಕು ಕಿಲೋಮೀಟರ್‌ಗೆ 10–11 ಬಂದರೆ ಹೆಚ್ಚು. ಯಾಕೆಂದರೆ ತಣ್ಣಗಿರುವ ಇಂಜಿನ್ ಮೊದಲು ಬಿಸಿಯಾಗಬೇಕು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾಯಬೇಕು. ಅಲ್ಲಿಯವರೆಗೆ ಬ್ಯಾಟರಿ ತುಂಬಿದ್ದರೂ ಇಂಜಿನ್ ಓಡುತ್ತಲೇ ಇರುತ್ತದೆ. ಇವಿ ಬಟನ್ ಒತ್ತಿದರೆ ‘ಈಗ ಆಗುವುದಿಲ್ಲ’ ಅನ್ನುತ್ತದೆ. ಇಂಜಿನ್ ಬಿಸಿಯಾಗುವ ಹೊತ್ತಿಗೆ ಮನೆ ಬಂದಿರುತ್ತದೆ. ನಿಮ್ಮ ಓಡಾಟ ಬರೀ ಇಂಥದ್ದೇ ಆದರೆ, ಮನೆ ಬಸವನಗುಡಿ, ಅಂಗಡಿ ಗಾಂಧಿ ಬಜಾರ್ ಅಂದರೆ, ಹೈಬ್ರಿಡ್‌ಗೆ ದುಡ್ಡು ಹಾಕಬೇಡಿ. ಅದಕ್ಕೆ ಎಲೆಕ್ಟ್ರಿಕ್ ಸ್ಕೂಟರ್ ಸಾಕು.

ಹೈವೇ. ಇಲ್ಲಿ ಬ್ರೇಕ್ ಕಮ್ಮಿ, ಹಾಗಾಗಿ ಚಿಲ್ಲರೆ ವಾಪಸ್ ಬರುವುದೂ ಕಮ್ಮಿ. ಇಂಜಿನ್ ಹೆಚ್ಚು ಹೊತ್ತು ಓಡುತ್ತದೆ, ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ಲೆಕ್ಕ ಹಾಕಿದರೆ 80ರಿಂದ 100ಕ್ಕೆ ಹೋದಾಗ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಹೈಕ್ರಾಸ್ ದೊಡ್ಡ ಮೈಯ ಗಾಡಿ, ಅದಕ್ಕೆ ಈ ಏಟು ಚೆನ್ನಾಗಿಯೇ ತಾಗುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100, ಕ್ಯಾಮೆರಾಗಳೂ ಇವೆ. ಎಡಗಡೆ ಲೇನ್‌ನಲ್ಲಿ 80ರಲ್ಲಿ ಹೋದರೆ ನಿಮಗೆ ಒಳ್ಳೆ ಮೈಲೇಜು, ಹಿಂದಿನವರಿಂದ ಹಾರ್ನು.

ಮೈಸೂರಿಗೆ ಹೋಗಿ ‘ಇಪ್ಪತ್ತು ಬಂತು’ ಅನ್ನುವವರ ಮಾತನ್ನು ಸ್ವಲ್ಪ ತಡೆದು ಕೇಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಮೈಸೂರು ಸುಮಾರು 770 ಮೀಟರ್. ಅಂದರೆ ಹೋಗುವಾಗ ಒಟ್ಟಾರೆ ಇಳಿಜಾರು, ಬರುವಾಗ ಏರು. ಹೋಗುವಾಗಿನದಕ್ಕೂ ಬರುವಾಗಿನದಕ್ಕೂ ನನಗೆ ಲೀಟರಿಗೆ ಒಂದು ಕಿ.ಮೀ. ಆಸುಪಾಸು ವ್ಯತ್ಯಾಸ ಸಿಗುತ್ತದೆ. ಚೆನ್ನೈಗೆ ಹೋದರಂತೂ ಇಡೀ ದಾರಿ ಇಳಿಯುತ್ತಲೇ ಇರುತ್ತೀರಿ. ಆ ಒಂದು ಕಡೆಯ ನಂಬರ್ ಹಿಡಿದುಕೊಂಡು ಫೋಟೋ ಹಾಕುವವರು ವಾಪಸ್ ಬಂದ ನಂಬರ್ ಹಾಕುವುದೇ ಇಲ್ಲ. ಹೋಗಿಬಂದ ಎರಡನ್ನೂ ಸೇರಿಸಿ ಹೇಳಿದರೆ ಮಾತ್ರ ಲೆಕ್ಕ.

ಘಟ್ಟದ ಬಗ್ಗೆ ಒಂದು ಮಾತು, ಹೆದರುವವರು ಇದ್ದಾರೆ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಮೊದಮೊದಲು ಬ್ಯಾಟರಿ ಭರ್ಜರಿಯಾಗಿ ತುಂಬುತ್ತದೆ, ನೋಡಲು ಚೆಂದ. ಆದರೆ ಪುಟ್ಟ ಬ್ಯಾಟರಿ, ಬೇಗ ತುಂಬಿಹೋಗುತ್ತದೆ. ಇಳಿಜಾರು ಇನ್ನೂ ಬಾಕಿ ಇರುತ್ತದೆ. ಆಗ ಗಾಡಿ ಮಿಕ್ಕ ಶಕ್ತಿಯನ್ನು ಇಂಜಿನ್ ತಿರುಗಿಸಿ ಕಳೆಯುತ್ತದೆ, ಪೆಟ್ರೋಲ್ ಹಾಕದೆಯೇ. ಆಕ್ಸಿಲರೇಟರ್ ಮೇಲೆ ಕಾಲೇ ಇಲ್ಲ, ಆದರೂ ಇಂಜಿನ್ ಜೋರಾಗಿ ಕೂಗುತ್ತದೆ. ನಮ್ಮ ಮನೆಯವರು ಪಕ್ಕದಲ್ಲಿ ಕೂತು ‘ಏನಾಯ್ತು, ಏನಾಯ್ತು’ ಅಂತ ಎದ್ದು ಕೂತರು. ಏನೂ ಆಗಿಲ್ಲ, ಅದರ ಕೆಲಸವೇ ಅದು. ಗೇರ್ ಲಿವರ್‌ನಲ್ಲಿ ಬಿ ಅಂತ ಇದೆಯಲ್ಲ, ಅದು ಇರುವುದು ಇಂಥ ಇಳಿಜಾರಿಗೇ. ಊರೊಳಗೆ ಸುಮ್ನೆ ಬಿ ಹಾಕಿಕೊಂಡು ಓಡಿಸಿದರೆ ಮೈಲೇಜ್ ಏರುವುದಿಲ್ಲ.

ಈಗ ಮೂಟೆ ವಿಷಯ. ತೋಟದಿಂದ ಬರುವಾಗ ಕೊನೆಯ ಸೀಟು ಮಡಚಿ ರಾಗಿ ಮೂಟೆ, ತೆಂಗಿನಕಾಯಿ ಚೀಲ ಹಾಕಿ, ಮೇಲೆ ಮಾವನವರು ಕೊಟ್ಟ ಬಾಳೆಗೊನೆ ಇಟ್ಟುಕೊಂಡರೆ ಹಿಂದಿನ ಭಾಗ ಸ್ವಲ್ಪ ಕೂರುತ್ತದೆ. ತಾವರೆಕೆರೆ, ಬ್ಯಾಡರಹಳ್ಳಿ, ಸುಂಕದಕಟ್ಟೆ ಅಂತ ಮಾಗಡಿ ರಸ್ತೆ ಉದ್ದಕ್ಕೂ ಹಂಪುಗಳು. ಪ್ರತಿ ಹಂಪಿಗೂ ನಿಧಾನ ಮಾಡಿ ಮತ್ತೆ ಎಳೆಯಬೇಕು. ಭಾರದ ಗಾಡಿಗೆ ವೇಗ ಕೊಡಲು ಜಾಸ್ತಿ ಶಕ್ತಿ ಬೇಕು, ನಿಜ. ಆದರೆ ಬ್ರೇಕ್ ಒತ್ತಿದಾಗ ವಾಪಸ್ ಬರುವುದೂ ಜಾಸ್ತಿ. ಹಾಗಾಗಿ ಭಾರ ಹಾಕಿದರೆ ಹೈಬ್ರಿಡ್‌ಗೆ ಏಟು ಬೀಳುತ್ತದೆ, ಆದರೆ ಮಾಮೂಲಿ ಗಾಡಿಗೆ ಬಿದ್ದಷ್ಟಲ್ಲ. ಷರತ್ತು ಒಂದೇ, ಬ್ರೇಕನ್ನು ದೂರದಿಂದಲೇ ಮೆಲ್ಲಗೆ ಒತ್ತಬೇಕು. ಹಂಪಿನ ಹತ್ತಿರ ಬಂದು ಗಕ್ಕನೆ ಒತ್ತಿದರೆ ಮೋಟರ್‌ಗೆ ಅಷ್ಟನ್ನೂ ಹಿಡಿಯಲು ಆಗುವುದಿಲ್ಲ, ಬ್ರೇಕ್ ಡಿಸ್ಕ್ ಬಿಸಿಯಾಗಿ ಎಲ್ಲ ಹಾಳು. ಇದೊಂದು ಅಭ್ಯಾಸ ಬದಲಾಯಿಸಿಕೊಂಡರೆ ಲೀಟರಿಗೆ ಒಂದೆರಡು ಕಿ.ಮೀ. ಸಲೀಸಾಗಿ ಸಿಗುತ್ತದೆ. ಇಕೋ ಮೋಡ್‌ಗಿಂತ ಇದೇ ಜಾಸ್ತಿ ಕೆಲಸ ಮಾಡುತ್ತದೆ ಅನ್ನುವುದು ನನ್ನ ಅನುಭವ.

ಮಾವನವರಿಗೆ ಇದೆಲ್ಲ ಬೇಕಿಲ್ಲ. ಪ್ರತಿ ಸಲವೂ ಒಂದೇ ಪ್ರಶ್ನೆ. ‘ಎಷ್ಟು ಕೊಡ್ತದಮ್ಮ?’ ಹದಿನೈದು ಅಂದರೆ ‘ನಮ್ಮ ಹಳೇ ಡೀಸೆಲ್ ಗಾಡಿನೂ ಅಷ್ಟೇ ಕೊಡ್ತಿತ್ತಲ್ಲ’ ಅನ್ನುತ್ತಾರೆ. ಅವರು ಹೇಳುವುದರಲ್ಲಿ ಹುರುಳಿದೆ. ಬರೀ ಹಳ್ಳಿ ರಸ್ತೆ, ಬರೀ ಹೈವೇ, ಬರೀ ಭಾರ ಅನ್ನುವವರಿಗೆ ಡೀಸೆಲ್ ಇವತ್ತಿಗೂ ಒಳ್ಳೆಯ ಉತ್ತರವೇ. ಇನ್ನೋವಾ ಕ್ರಿಸ್ಟಾ ಡೀಸೆಲ್ ತಗೊಂಡು ತೋಟಕ್ಕೆ ಓಡಿಸುವವರನ್ನು ನಾನು ಯಾವತ್ತೂ ಬೇಡ ಅನ್ನುವುದಿಲ್ಲ. ಇಲ್ಲಿ ಲೀಟರ್ ಡೀಸೆಲ್ ಪೆಟ್ರೋಲಿಗಿಂತ ಹತ್ತು ರೂಪಾಯಿಗೂ ಜಾಸ್ತಿ ಅಗ್ಗ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಅದೇ ಕ್ರಿಸ್ಟಾ ಕ್ಲಚ್ ಒತ್ತಿ ಒತ್ತಿ ದಿನವೂ ಬೆಳ್ಳಂದೂರಿಗೆ ಹೋಗಿಬನ್ನಿ, ಆಮೇಲೆ ಮಾತಾಡೋಣ.

ಅಳೆಯುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಬಂಕಿನಲ್ಲಿ ಫುಲ್ ಟ್ಯಾಂಕ್ ಹಾಕಿಸಿ, ಮೊದಲ ಆಟೋ ಕಟ್‌ಗೆ ನಿಲ್ಲಿಸಲು ಹೇಳಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕ್ 52 ಲೀಟರ್, ಮುಕ್ಕಾಲು ಖಾಲಿಯಾಗುವವರೆಗೆ ಓಡಿಸಿ. ಅದೇ ಬಂಕು, ಸಾಧ್ಯವಾದರೆ ಅದೇ ಪಂಪು, ಮತ್ತೆ ಮೊದಲ ಆಟೋ ಕಟ್. ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿ. ಇಲ್ಲಿ ಒಂದೇ ತೊಂದರೆ, ನಮ್ಮ ಬಂಕ್ ಹುಡುಗರು. ಕಟ್ ಆದ ಮೇಲೂ ‘ರೌಂಡ್ ಫಿಗರ್ ಮಾಡ್ಲಾ ಮೇಡಂ?’ ಅಂತ ಚೂರು ಚೂರೇ ಒತ್ತುತ್ತಾರೆ. ಬೇಡ ಅನ್ನುವ ಹೊತ್ತಿಗೆ ಇನ್ನರ್ಧ ಲೀಟರ್ ಹೋಗಿರುತ್ತದೆ. ಮೊದಲೇ ಹೇಳಿಬಿಡಿ. ನಾಲ್ಕು ಲೀಟರ್ ಹಾಕಿ ಅಳೆದರೆ ಈ ಅರ್ಧ ಲೀಟರ್‌ನಿಂದಲೇ ಲೆಕ್ಕ ಪೂರ್ತಿ ಹಳ್ಳ ಹಿಡಿಯುತ್ತದೆ, ನಲವತ್ತು ಲೀಟರ್‌ಗೆ ಅಳೆದರೆ ಅಷ್ಟೇನೂ ಆಗುವುದಿಲ್ಲ. ಡಿಸ್‌ಪ್ಲೇ ನನ್ನ ಗಾಡಿಯಲ್ಲಿ ಸುಮಾರು ಒಂದು ಕಿ.ಮೀ. ಜಾಸ್ತಿ ತೋರಿಸುತ್ತದೆ. ನಾನು ಓಡಿಸಿದ ಬೇರೆ ಕಾರುಗಳೂ ಹೀಗೆ ಸ್ವಲ್ಪ ಹೊಗಳಿಕೊಂಡೇ ತೋರಿಸುತ್ತಿದ್ದವು, ಇದು ಹೊಸದೇನಲ್ಲ.

ಹಾಗಾದರೆ 23.24 ಸುಳ್ಳಾ? ಸುಳ್ಳಲ್ಲ, ಅದು ಬೇರೆ ಪರೀಕ್ಷೆಯ ಮಾರ್ಕು. ನಮ್ಮ ದೇಶದ ಮೈಲೇಜ್ ಪರೀಕ್ಷೆ ನಡೆಯುವುದು ಲ್ಯಾಬಿನಲ್ಲಿ. ಗಾಡಿಯ ಚಕ್ರಗಳನ್ನು ರೋಲರ್‌ಗಳ ಮೇಲೆ ನಿಲ್ಲಿಸಿ, ಮೊದಲೇ ಬರೆದಿಟ್ಟ ಕ್ರಮದಲ್ಲಿ ಸುಮಾರು 20 ನಿಮಿಷ ಓಡಿಸುತ್ತಾರೆ. ಅದರಲ್ಲಿ ಅತಿ ಹೆಚ್ಚಿನ ವೇಗ 90. ಎಸಿ ಆಫ್. ಮೆಲ್ಲಗೆ ವೇಗ ಏರಿಸಿ ಮೆಲ್ಲಗೆ ಇಳಿಸುವ ಆ ಕ್ರಮ ಹೈಬ್ರಿಡ್‌ಗೆ ಹೇಳಿ ಮಾಡಿಸಿದ ಹಾಗಿದೆ. ಅಲ್ಲಿ ಇಬ್ಬಲೂರು ಸಿಗ್ನಲ್ ಇಲ್ಲ, ಅಡ್ಡ ಬರುವ ಆಟೋ ಇಲ್ಲ, ಮಾಗಡಿ ರಸ್ತೆಯ ಹಂಪಿಲ್ಲ. ಅಮೆರಿಕದವರು ತಮ್ಮ ಇಪಿಎ ನಂಬರ್‌ಗೆ ಎಸಿ, ಜಾಸ್ತಿ ವೇಗ, ಚಳಿ ಎಲ್ಲ ಲೆಕ್ಕ ಹಾಕಿ ಇಳಿಸುತ್ತಾರೆ, ಅದಕ್ಕೇ ಟೆಕ್ಸಾಸ್‌ನ ನಮ್ಮ ಅಣ್ಣನಿಗೆ ಸಿಗುವುದೂ ಸ್ಟಿಕರ್ ಮೇಲಿರುವುದೂ ಹತ್ತಿರ ಹತ್ತಿರ ಇರುತ್ತದೆ. ನಮ್ಮಲ್ಲಿ ಯಾವುದೇ ಕಂಪನಿಯ ಯಾವುದೇ ಕಾರಾಗಲಿ, ಬ್ರೋಷರ್ ನಂಬರಿನಿಂದ ಕಾಲು ಭಾಗ ಕಳೆದು ನೋಡುವುದು ನನ್ನ ರೂಢಿ.

ಇದರ ಜೊತೆಗೆ ಇ20 ಪೆಟ್ರೋಲ್. ಶೇ 20 ಎಥನಾಲ್. ಒಂದು ಲೀಟರ್ ಎಥನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ ಶಕ್ತಿ ಇರುತ್ತದೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯಲೇಬೇಕು, ಗಾಡಿ ಯಾವುದೇ ಇರಲಿ. ಇ20ಗೆ ಹೊಂದುವ ಕಾರುಗಳಲ್ಲಿ ಶೇ 1–2, ಬೇರೆಯವುಗಳಲ್ಲಿ ಶೇ 3–6 ಇಳಿಯಬಹುದು ಅಂತ ಕೇಂದ್ರದ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಬೆಲೆ ಮಾತ್ರ ಲೀಟರಿಗೆ ನೂರರ ಮೇಲೇ ಇದೆ. ಈ ಬಗ್ಗೆ ಜಾಸ್ತಿ ಮಾತಾಡಿದರೆ ಬಿಪಿ ಏರುತ್ತದೆ, ಬಿಡಿ.

ದುಡ್ಡಿನ ಲೆಕ್ಕ ಮಾತ್ರ ಬಿಡುವ ಹಾಗಿಲ್ಲ. ಪೆಟ್ರೋಲ್ ಹೈಕ್ರಾಸ್‌ಗೂ ಹೈಬ್ರಿಡ್‌ಗೂ ಯಾವ ವೇರಿಯಂಟ್ ಅನ್ನುವುದರ ಮೇಲೆ ನಾಲ್ಕೈದು ಲಕ್ಷ ವ್ಯತ್ಯಾಸ ಬೀಳುತ್ತದೆ, ಅದರಲ್ಲಿ ಹೈಬ್ರಿಡ್ ಜೊತೆ ಬರುವ ಬೇರೆ ಸೌಕರ್ಯಗಳ ದುಡ್ಡೂ ಸೇರಿದೆ. ವರ್ಷಕ್ಕೆ 15,000 ಕಿ.ಮೀ. ಓಡಿಸುತ್ತೀರಿ ಅಂದುಕೊಳ್ಳಿ. ಪೆಟ್ರೋಲ್ ಗಾಡಿ 10 ಕೊಟ್ಟರೆ 1,500 ಲೀಟರ್ ಬೇಕು. ಹೈಬ್ರಿಡ್ 16 ಕೊಟ್ಟರೆ 940 ಲೀಟರ್ ಸಾಕು. ಉಳಿತಾಯ 560 ಲೀಟರ್, ಲೀಟರಿಗೆ 103 ರೂಪಾಯಿ ಹಿಡಿದರೆ ವರ್ಷಕ್ಕೆ ಸುಮಾರು 58 ಸಾವಿರ. ನಾಲ್ಕೂವರೆ ಲಕ್ಷ ವಾಪಸ್ ಬರಲು ಎಂಟು ವರ್ಷದ ಹತ್ತಿರ. ವರ್ಷಕ್ಕೆ 10,000 ಮಾತ್ರ ಓಡಿಸುವವರಿಗೆ ಹನ್ನೊಂದು ಹನ್ನೆರಡು ವರ್ಷ. ಹೈಬ್ರಿಡ್ ಬ್ಯಾಟರಿಗೆ ಕಂಪನಿಯ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಅಂದರೆ ಕೊಟ್ಟ ಜಾಸ್ತಿ ದುಡ್ಡು ವಸೂಲಾಗುವ ಹೊತ್ತಿಗೆ ವಾರಂಟಿ ಮುಗಿಯುತ್ತಿರುತ್ತದೆ. ಬರೀ ಪೆಟ್ರೋಲ್ ಉಳಿಸಲು ಅಂತ ಹೈಬ್ರಿಡ್ ತಗೊಳ್ಳುವುದಾದರೆ ತಿಂಗಳಿಗೆ ಕನಿಷ್ಠ 1,500 ಕಿ.ಮೀ. ಆದರೂ ಓಡಬೇಕು, ಅದರಲ್ಲೂ ಹೆಚ್ಚಿನದು ಊರೊಳಗೇ ಇರಬೇಕು.

ಸರಕಾರದ ಕಡೆಯಿಂದ ಕನಿಕರ ಅಷ್ಟಕ್ಕಷ್ಟೇ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ 5. ಇಷ್ಟು ದೊಡ್ಡ ಹೈಬ್ರಿಡ್‌ಗೆ 2025ರ ಸೆಪ್ಟೆಂಬರ್‌ನ ಬದಲಾವಣೆ ಆದಮೇಲೂ ಶೇ 40, ಇದೇ ಗಾತ್ರದ ಪೆಟ್ರೋಲ್ ಗಾಡಿಗೆ ಎಷ್ಟೋ ಅಷ್ಟೇ. ಉತ್ತರ ಪ್ರದೇಶದವರು 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನೇ ಮನ್ನಾ ಮಾಡಿದರು. ಗಾಡಿ ತಯಾರಾಗುವುದು ನಮ್ಮ ಬಿಡದಿಯಲ್ಲಿ, ನಾನು ತಗೊಂಡಾಗ ನಾನು ಕಟ್ಟಿದ್ದು ಪೆಟ್ರೋಲ್ ಕಾರಿನಷ್ಟೇ ರೋಡ್ ಟ್ಯಾಕ್ಸು.

ಮೈಲೇಜ್ ಬಿಟ್ಟು ಬೇರೆ ವಿಷಯ ಬೇಗ ಮುಗಿಸುತ್ತೇನೆ. ಸೀಟು ಚೆನ್ನಾಗಿದೆ, ಬೆನ್ನು ನೋವಿಲ್ಲ. ಊರೊಳಗೆ ನಿಶ್ಶಬ್ದ, ಜೋರಾಗಿ ಒತ್ತಿದರೆ ಇಂಜಿನ್ ಒಂದೇ ಸಮನೆ ಕೂಗುತ್ತದೆ, ಹಂತ ಹಂತದ ಗೇರ್ ಇಲ್ಲದ ಈ ಥರದ ಇ-ಸಿವಿಟಿ ಗೇರ್‌ಬಾಕ್ಸ್‌ನ ಸ್ವಭಾವವೇ ಹಾಗೆ. ಬ್ಯಾಟರಿ ಮುಂದಿನ ಸೀಟುಗಳ ಕೆಳಗಿದೆ, ಹಾಗಾಗಿ ಡಿಕ್ಕಿ ಜಾಗಕ್ಕೆ ಮೋಸ ಇಲ್ಲ. ಆದರೆ ಬ್ಯಾಟರಿಗೆ ತಂಪು ಗಾಳಿ ಎಳೆಯುವ ಕಿಂಡಿ ಕ್ಯಾಬಿನ್ ಒಳಗೇ ಇದೆ. ಅದರ ಮುಂದೆ ಚೀಲ ಒತ್ತಬಾರದು, ಬೂಸಾ ಧೂಳು ಕೂರಬಾರದು. ಮೂಟೆ ಸಾಗಿಸುವವರು ಪ್ರತಿ ಸರ್ವಿಸ್‌ನಲ್ಲೂ ಆ ಫಿಲ್ಟರ್ ಕ್ಲೀನ್ ಮಾಡಿಸಲೇಬೇಕು. ಕೇಳದಿದ್ದರೆ ಕೆಲವರು ಮಾಡುವುದಿಲ್ಲ. ಟೈರ್ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಿಸಿ. ಗಾಳಿ ಇಳಿದರೆ ಮೈಲೇಜ್ ಇಳಿಯುವುದು ಡಿಸ್‌ಪ್ಲೇಯಲ್ಲೇ ಕಾಣುತ್ತದೆ. ಪಿವಿಸಿ ಪೈಪು, ಬಿದಿರು, ಏಣಿ ಇಂಥವು ಇದರಲ್ಲಿ ಹಿಡಿಯುವುದಿಲ್ಲ, ಅದಕ್ಕೆ ಲಗೇಜ್ ಆಟೋನೇ ಗತಿ.

ನಾನು ಕೇಳಲು ಹೋದ ಒಂದು ಶೋರೂಮಿನ ಹುಡುಗ, ‘ಇಪ್ಪತ್ತೆರಡು ಗ್ಯಾರಂಟಿ ಮೇಡಂ, ಬರೆದು ಕೊಡ್ತೀನಿ’ ಅಂದ. ಕೊಡಪ್ಪ ಅಂದೆ, ಕೊಡಲಿಲ್ಲ. ಟೆಸ್ಟ್ ಡ್ರೈವ್ ಕೊಟ್ಟಿದ್ದು ಮಧ್ಯಾಹ್ನ ಖಾಲಿ ಸರ್ವಿಸ್ ರಸ್ತೆಯಲ್ಲಿ, ಎರಡು ಸುತ್ತು. ಅದರಿಂದ ಏನೂ ಗೊತ್ತಾಗುವುದಿಲ್ಲ. ಬೇರೆ ಶೋರೂಮಿನವರು ನಾನು ಹೇಳಿದ ಹೊತ್ತಿಗೆ ಕೊಟ್ಟರು, ಅಲ್ಲೇ ತಗೊಂಡೆ. ನೀವೂ ಹಾಗೇ ಮಾಡಿ. ನೀವು ದಿನಾ ಹೋಗುವ ದಾರಿ, ದಿನಾ ಹೋಗುವ ಹೊತ್ತು, ಎಸಿ ಆನ್, ಟ್ರಿಪ್ ಮೀಟರ್ ಸೊನ್ನೆ, ಕನಿಷ್ಠ ಒಂದು ಗಂಟೆ. ಮುಗಿದ ಮೇಲೆ ಡಿಸ್‌ಪ್ಲೇ ತೋರಿಸಿದ್ದರಲ್ಲಿ ಒಂದು ಕಳೆಯಿರಿ. ಅಷ್ಟು ಹೊತ್ತು ಗಾಡಿ ಕೊಡಲ್ಲ ಅಂದರೆ ಬೇರೆ ಶೋರೂಮಿಗೆ ಹೋಗಿ, ಬೆಂಗಳೂರಿನಲ್ಲಿ ಶೋರೂಮುಗಳಿಗೇನು ಬರವಿಲ್ಲ.